ಎಡ್ವರ್ಡ್ ಕಾಲದ ಲಂಡನ್‌ನ ಅಂಟುರೋಗಗಳು: ಬೀದಿಯ ಲೆಕ್ಕಕ್ಕೆ ಕಸುಬಿನ ಲೆಕ್ಕ ಜೋಡಿಸುವುದು ಹೇಗೆ?

ಓಣಿಲೆಕ್ಕ

1901ರಿಂದ 1910ರವರೆಗಿನ ಪೂರ್ವ ಲಂಡನ್, ಅದರಲ್ಲೂ ಶೋರ್‌ಡಿಚ್ ಮತ್ತು ಬೆತ್ನಲ್ ಗ್ರೀನ್ ಬರೋಗಳು, ಅಂದರೆ ಲಂಡನ್‌ನ ಆಡಳಿತ ವಿಭಾಗಗಳು. ಸಿಡುಬು, ಟೈಫಾಯಿಡ್, ಸ್ಕಾರ್ಲೆಟ್ ಜ್ವರ, ಗಂಟಲಮಾರಿ (ಡಿಫ್ತೀರಿಯಾ) ಈ ನಾಲ್ಕನ್ನು ಬೀದಿವಾರು ನಕ್ಷೆಗೆ ಏರಿಸಿ, ಅದರ ಮೇಲೆ ಕಸುಬಿನ ಪದರ ಹಾಕಬೇಕು. ಅಲ್ಲಿ ಪೀಠೋಪಕರಣದ ಬಡಗಿಗಳಿದ್ದರು, ಬೂಟು ಹೊಲಿಯುವವರಿದ್ದರು, ಮನೆಯಲ್ಲೇ ಕೂತು ಬೆಂಕಿಪೆಟ್ಟಿಗೆ ಅಂಟಿಸುವ ಹೆಂಗಸರಿದ್ದರು. ಆರೋಗ್ಯಾಧಿಕಾರಿಗಳ ವಾರ್ಷಿಕ ವರದಿಗಳೇನೋ ಸಿಗುತ್ತವೆ. ಆದರೆ ರೋಗದ ಕೋಷ್ಟಕದಲ್ಲಿ ಕಸುಬಿಲ್ಲ, ಕಸುಬಿನ ಕೋಷ್ಟಕದಲ್ಲಿ ಬೀದಿಯಿಲ್ಲ.

ಮೂರು ಪ್ರಶ್ನೆ:
1. ರೋಗಿಯ ಕಸುಬು ಮೂಲ ದಾಖಲೆಯಲ್ಲಿ ಎಲ್ಲಾದರೂ ಇರುತ್ತಿತ್ತೇ?
2. ಬೀದಿಯ ಜನಸಂಖ್ಯೆಯನ್ನು ಯಾವುದರಿಂದ ತೆಗೆಯಬೇಕು?
3. ಒಂದು ಬೀದಿಯಲ್ಲಿ ಮೂರು ಪ್ರಕರಣ ಕಂಡರೆ ಅದು ಆ ಬೀದಿಯ ದೋಷವೋ, ಅಲ್ಲಿನವರು ದುಡಿಯುವ ಜಾಗದ ದೋಷವೋ, ಅವರು ಕುಡಿದ ಹಾಲಿನ ದೋಷವೋ? ಬೇರ್ಪಡಿಸುವುದು ಹೇಗೆ?

ಹಳೇದಫ್ತರ

ಮೊದಲನೆಯದಕ್ಕೆ ಉತ್ತರ: ಅಂಟುರೋಗ ಕಂಡ ವೈದ್ಯ ಆರೋಗ್ಯಾಧಿಕಾರಿಗೆ ಕಳಿಸುತ್ತಿದ್ದ ಸೂಚನಾ ಪತ್ರದಲ್ಲಿ ಕಸುಬು ಇರುತ್ತಿರಲಿಲ್ಲ. ಉಳಿದ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಂಟುರೋಗ ಸೂಚನೆಯ ಕಾನೂನು ಬಂದದ್ದು 1889ರಲ್ಲಿ. ಲಂಡನ್‌ಗೆ ಅದು ಮೊದಲಿಂದಲೂ ಕಡ್ಡಾಯ. ಉಳಿದ ಊರುಗಳಿಗೆ ಬೇಕಾದರೆ ಅಳವಡಿಸಿಕೊಳ್ಳಬಹುದಾದದ್ದು, 1899ರ ವಿಸ್ತರಣಾ ಕಾನೂನಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗೆಲ್ಲ ಕಡ್ಡಾಯವಾಯಿತು. ಲಂಡನ್‌ಗೆ 1891ರಿಂದ ಪ್ರತ್ಯೇಕ ಸಾರ್ವಜನಿಕ ಆರೋಗ್ಯ ಕಾನೂನು. ವೈದ್ಯ ಬರೆದು ಕಳಿಸಬೇಕಾದದ್ದು ರೋಗಿಯ ಪೂರ್ಣ ಹೆಸರು, ವಯಸ್ಸು, ಲಿಂಗ, ಕಟ್ಟಡದ ವಿಳಾಸ, ರೋಗದ ಹೆಸರು; ಜೊತೆಗೆ, ಇದು ಖಾಸಗಿ ರೋಗಿಯೋ ಸಾರ್ವಜನಿಕ ಸಂಸ್ಥೆಯ ರೋಗಿಯೋ ಎಂಬುದು. ಈ ಕೊನೆಯ ಅಂಶ ಕೇಳುತ್ತಿದ್ದದ್ದು ಶುಲ್ಕಕ್ಕಾಗಿ: ಖಾಸಗಿಯಾದರೆ ವೈದ್ಯನಿಗೆ 2 ಶಿಲಿಂಗ್ 6 ಪೆನ್ಸ್, ಸಂಸ್ಥೆಯದಾದರೆ 1 ಶಿಲಿಂಗ್. ಪತ್ರ ಕೈಸೇರಿದ 12 ಗಂಟೆಯೊಳಗೆ ಆರೋಗ್ಯಾಧಿಕಾರಿ ಅದರ ನಕಲನ್ನು ಮಹಾನಗರ ಆಶ್ರಯಾಲಯ ಮಂಡಳಿಗೆ, ಅಂದರೆ ಲಂಡನ್‌ನ ಜ್ವರದ ಆಸ್ಪತ್ರೆಗಳನ್ನು ನಡೆಸುತ್ತಿದ್ದ ಸಂಸ್ಥೆಗೆ, ಮತ್ತು ರೋಗಿ ಶಾಲೆಯ ಮಗುವಾಗಿದ್ದರೆ ಆ ಶಾಲೆಯ ಮುಖ್ಯ ಶಿಕ್ಷಕರಿಗೆ ಕಳಿಸಬೇಕು.

ಹಾಗಾದರೆ ಕಸುಬು ಎಲ್ಲಿ? ಪತ್ರ ಬಂದ ಮೇಲೆ ನೈರ್ಮಲ್ಯ ಇನ್‌ಸ್ಪೆಕ್ಟರ್ ಮನೆಗೆ ಹೋಗಿ ಬರೆದುಕೊಂಡ ವಿಚಾರಣಾ ಹಾಳೆಯಲ್ಲಿ. ಆ ಹಾಳೆಗಳು ಎಲ್ಲ ಬರೋಗಳಲ್ಲೂ ಉಳಿದಿಲ್ಲ. ಅವು ಸಿಗದಿದ್ದರೆ ಮೂರು ಅಡ್ಡದಾರಿಗಳಿವೆ: ಸಾವಾಗಿದ್ದರೆ ಮರಣ ನೋಂದಣಿ (ಅದರಲ್ಲಿ ಕಸುಬು ಇರುತ್ತದೆ, ಮಗುವಾದರೆ ತಂದೆಯ ಕಸುಬು), 1901 ಮತ್ತು 1911ರ ಜನಗಣತಿಯ ಮನೆ ಹಾಳೆಗಳು, ಮತ್ತು ಮನೆಗೆಲಸದವರ ಪಟ್ಟಿಗಳು, ಅಂದರೆ ಮಾಲೀಕರಿಂದ ಕಚ್ಚಾ ಮಾಲು ತಂದು ಮನೆಯಲ್ಲೇ ಹೊಲಿದು, ಅಂಟಿಸಿ ಕೊಡುವವರ ಪಟ್ಟಿಗಳು.

ಮೂರನೆಯದನ್ನು ಜನ ಮರೆಯುತ್ತಾರೆ. 1901ರ ಕಾರ್ಖಾನೆ ಮತ್ತು ಕಾರ್ಯಾಗಾರ ಕಾನೂನಿನ 107ನೇ ಕಲಮಿನಂತೆ ಗೊತ್ತುಪಡಿಸಿದ ಕಸುಬುಗಳ ಮಾಲೀಕರು ತಮ್ಮ ಮನೆಗೆಲಸದವರ ಹೆಸರು, ವಿಳಾಸಗಳನ್ನು ವರ್ಷಕ್ಕೆ ಎರಡು ಸಲ, ಫೆಬ್ರವರಿ 1 ಮತ್ತು ಆಗಸ್ಟ್ 1ರೊಳಗೆ, ಸ್ಥಳೀಯ ಮಂಡಳಿಗೆ ಕೊಡಬೇಕಿತ್ತು. ಬೇರೆ ಬರೋದ ವಿಳಾಸಗಳನ್ನು ಆ ಬರೋಗೆ ದಾಟಿಸಬೇಕಿತ್ತು. 109ನೇ ಕಲಮು ಸ್ಕಾರ್ಲೆಟ್ ಜ್ವರ ಅಥವಾ ಸಿಡುಬು ಇರುವ ಮನೆಯಲ್ಲಿ ಉಡುಪು ಹೊಲಿಸುವುದನ್ನು ನಿಷೇಧಿಸಿತು. 110ನೇ ಕಲಮು ಅಂಟುರೋಗವಿರುವ ಮನೆಗೆ ಕೆಲಸ ಕೊಡಬಾರದೆಂದು ಆದೇಶಿಸುವ ಅಧಿಕಾರವನ್ನು ಮಂಡಳಿಗೆ ಕೊಟ್ಟಿತು. ಈ ಕಲಮುಗಳನ್ನು ಜಾರಿ ಮಾಡಬೇಕಾದರೆ ಸೂಚನಾ ಪತ್ರದ ವಿಳಾಸವನ್ನು ಮನೆಗೆಲಸದವರ ಪಟ್ಟಿಯ ವಿಳಾಸದೊಂದಿಗೆ ಹೋಲಿಸಲೇಬೇಕು. ನೀವು ಈಗ ಮಾಡಹೊರಟ ಜೋಡಣೆಯನ್ನು ಆ ಕಚೇರಿಯ ಗುಮಾಸ್ತರು ಆಗಲೇ ಮಾಡುತ್ತಿದ್ದರು. ಅದೇ ಕಾನೂನಿನ 132ನೇ ಕಲಮಿನಂತೆ ಆರೋಗ್ಯಾಧಿಕಾರಿಯ ವಾರ್ಷಿಕ ವರದಿಯಲ್ಲಿ ಕಾರ್ಯಾಗಾರಗಳ ಬಗ್ಗೆ ಪ್ರತ್ಯೇಕ ಭಾಗ ಇರಬೇಕು. ಅಲ್ಲಿಂದ ಶುರು ಮಾಡಿ.

ಛೇದಾಂಶ

ಎರಡನೆಯ ಪ್ರಶ್ನೆ ನನಗಿರಲಿ.

ಮನೆಗೆಲಸದವರ ಪಟ್ಟಿಯನ್ನು ತಲೆ ಎಣಿಕೆಗೆ ಬಳಸಬೇಡಿ. ಒಬ್ಬ ಹೆಂಗಸು ಮೂವರು ಮಾಲೀಕರ ಕೆಲಸ ಮಾಡುತ್ತಿದ್ದರೆ ಅವಳ ಹೆಸರು ಮೂರು ಪಟ್ಟಿಯಲ್ಲಿ, ವರ್ಷಕ್ಕೆ ಎರಡು ಸಲ. ಅಲ್ಲಿಗೆ ಒಬ್ಬಳು ಆರು ನಮೂದು. ಮತ್ತೊಂದೆಡೆ, ಪಟ್ಟಿಯಲ್ಲಿರುವುದು ಕೆಲಸ ಒಪ್ಪಿಸಿಕೊಂಡವಳ ಹೆಸರು ಮಾತ್ರ, ಜೊತೆಗೆ ಕೂತು ಅಂಟಿಸುವ ಮಕ್ಕಳು, ಮುದುಕಿ ಲೆಕ್ಕಕ್ಕಿಲ್ಲ. ವಿಳಾಸಗಳ ಪಟ್ಟಿಯಾಗಿ ಮಾತ್ರ ಅದು ಉಪಯುಕ್ತ: ಈ ಮನೆಯಲ್ಲಿ ಈ ಕಸುಬು ಇತ್ತು ಅಥವಾ ಇರಲಿಲ್ಲ, ಅಷ್ಟೇ. 1901ರ ಗಣತಿಯಲ್ಲಿ ಮದುವೆಯಾದ ಹೆಂಗಸರ ಕಸುಬಿನ ಅಂಕಣ ಬಹಳ ಕಡೆ ಖಾಲಿ ಇರುವುದರಿಂದ ಈ ಪಟ್ಟಿ ಆ ಕೊರತೆಯನ್ನು ತುಂಬುತ್ತದೆ.

ಬೀದಿಯ ಜನಸಂಖ್ಯೆಗೆ 1901ರ ಮಾರ್ಚ್ 31ರ ರಾತ್ರಿಯ ಗಣತಿ ಮತ್ತು 1911ರ ಏಪ್ರಿಲ್ 2ರ ಗಣತಿ. ನಡುವಿನ ವರ್ಷಗಳಿಗೆ ನೇರ ಗೆರೆ ಎಳೆಯುವ ಮೊದಲು ಎರಡು ಗಣತಿಯಲ್ಲೂ ಆ ಬೀದಿ ಇದೆಯೇ ನೋಡಿ. ಕೊಳೆಗೇರಿ ತೆರವು, ರೈಲ್ವೆ ಗೋದಾಮು, ಶಾಲೆಯ ಕಟ್ಟಡ ಇವು ಇಡೀ ಬೀದಿಗಳನ್ನೇ ನುಂಗಿವೆ. ಇಡೀ ಲಂಡನ್‌ನ ಆಡಳಿತ ನೋಡುತ್ತಿದ್ದ ಲಂಡನ್ ಕೌಂಟಿ ಕೌನ್ಸಿಲ್ ಬೀದಿಗಳಿಗೆ ಹೊಸ ಹೆಸರಿಟ್ಟು ಮನೆಗಳಿಗೆ ಹೊಸ ಸಂಖ್ಯೆ ಕೊಡುತ್ತಲೇ ಇತ್ತು. 1903ರ 14ನೇ ಮನೆ 1908ರಲ್ಲಿ 31 ಆಗಿರಬಹುದು. ಹಾಗಾಗಿ ಮನೆಗೆ ನಿಮ್ಮದೇ ಗುರುತು ಸಂಖ್ಯೆ ಕೊಟ್ಟು, ಕಾಲಕಾಲದ ವಿಳಾಸಗಳನ್ನು ಅದರ ಕೆಳಗೆ ಬೇರೆ ಕೋಷ್ಟಕದಲ್ಲಿ ಇಡಿ. ವಿಳಾಸವನ್ನೇ ಗುರುತಾಗಿ ಬಳಸಿದರೆ ಮುಂದೆ ಎಲ್ಲ ತಪ್ಪುತ್ತದೆ.

ಗಡಿಯ ವಿಷಯ. 1899ರ ಕಾನೂನಿನಿಂದ 1900ರಲ್ಲಿ ಲಂಡನ್‌ಗೆ 28 ಮಹಾನಗರ ಬರೋಗಳು ಬಂದವು, ನಗರದ ಹಳೆಯ ಸಿಟಿ ಬೇರೆ. ಹಳೆಯ ಪ್ಯಾರಿಷ್ (ಚರ್ಚಿನ ವ್ಯಾಪ್ತಿಯ) ಗಡಿ, ನೋಂದಣಿ ಜಿಲ್ಲೆಯ ಗಡಿ, ಬರೋ ಗಡಿ ಎಲ್ಲೆಡೆ ಒಂದೇ ಅಲ್ಲ. 1900ಕ್ಕೆ ಮುಂಚಿನ ವರದಿಯ ದರವನ್ನು ನಂತರದ ದರದ ಪಕ್ಕ ಇಟ್ಟು "ಏರಿತು", "ಇಳಿಯಿತು" ಎನ್ನುವ ಮೊದಲು ಗಡಿ ನೋಡಬೇಕು.

ಮೂರನೆಯ ಪ್ರಶ್ನೆಯ ಅರ್ಧಭಾಗಕ್ಕೂ ಇಲ್ಲೇ ಒಂದು ಲೆಕ್ಕ ಹೇಳಿಬಿಡುತ್ತೇನೆ. ಉದಾಹರಣೆಗೆ 200 ಬೀದಿ, ತಲಾ 200 ಜನ, ವರ್ಷಕ್ಕೆ ಸಾವಿರಕ್ಕೆ 1.5 ಟೈಫಾಯಿಡ್ ಎಂದಿಟ್ಟುಕೊಳ್ಳಿ. ಒಂದು ಬೀದಿಗೆ ನಿರೀಕ್ಷೆ 0.3 ಪ್ರಕರಣ. ಯಾವ ಬೀದಿಗೂ ಯಾವ ದೋಷವೂ ಇಲ್ಲದಿದ್ದರೂ ಬರೀ ಆಕಸ್ಮಿಕದಿಂದ ಸುಮಾರು 7 ಬೀದಿಗಳಲ್ಲಿ ಎರಡು ಅಥವಾ ಹೆಚ್ಚು ಪ್ರಕರಣ ಬೀಳುತ್ತವೆ. ಮೂರು ಅಥವಾ ಹೆಚ್ಚು ಬೀಳುವುದು ಒಂದಕ್ಕಿಂತ ಕಡಿಮೆ ಬೀದಿಯಲ್ಲಿ. ಅಂದರೆ ಎರಡು ಕಂಡಲ್ಲೆಲ್ಲ ಕೆಂಪು ಬಣ್ಣ ಬಳಿದರೆ ನಕ್ಷೆ ಸುಳ್ಳು ಹೇಳುತ್ತದೆ. ಮೂರು ಕಂಡರೆ ಆ ಬೀದಿಯ ಕಡತ ತೆಗೆದು ಓದುವುದು ಸಾರ್ಥಕ. ಅದೂ, ಒಂದೇ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಬಂದವನ್ನು ಒಂದೇ ಎಂದು ಎಣಿಸಿದ ಮೇಲೆ.

ಓಣಿಲೆಕ್ಕ

ಬಹಳ ಉಪಕಾರವಾಯಿತು. ಒಂದು ಬೀದಿಯಲ್ಲಿ ಮಾತ್ರ ಸಿಡುಬು ಗುಡ್ಡೆಯಾಗಿ ಕಾಣುತ್ತಿದೆ, ಅಕ್ಕಪಕ್ಕದ ಬೀದಿಗಳಲ್ಲಿ ಏನೂ ಇಲ್ಲ. ಅಲ್ಲಿ ಕಾರ್ಖಾನೆಯೂ ಇಲ್ಲ.

ಹಳೇದಫ್ತರ

ಆ ಬೀದಿಯಲ್ಲಿ ವರ್ಕ್‌ಹೌಸ್ (ನಿರ್ಗತಿಕರನ್ನು ಇರಿಸಿ ದುಡಿಸುವ ಮನೆ) ಚಿಕಿತ್ಸಾಲಯವೋ, ನೋಂದಾಯಿತ ಬಾಡಿಗೆ ಮಲಗುಮನೆಯೋ ಇದೆಯೇ ನೋಡಿ. ನೆಲೆಯಿಲ್ಲದವರನ್ನು ಅವರು ಕೊನೆಗೆ ಮಲಗಿದ್ದ ಜಾಗದಿಂದಲೇ ಸೂಚಿಸುತ್ತಿದ್ದರು. ಸಿಡುಬಿನ ಗುಳ್ಳೆ ಏಳುವುದು ಸೋಂಕು ತಗುಲಿ ಸುಮಾರು ಎರಡು ವಾರಕ್ಕೆ. ಆ ಎರಡು ವಾರದಲ್ಲಿ ಕೆಲಸ ಹುಡುಕಿ ಅಲೆಯುವವನು ನಾಲ್ಕೈದು ಊರಿನ ತಾತ್ಕಾಲಿಕ ವಸತಿ ದಾಟಿರುತ್ತಾನೆ. 1901–02ರ ಲಂಡನ್ ಸಿಡುಬಿನಲ್ಲಿ ಮಲಗುಮನೆಗಳ ಪಾತ್ರ ದೊಡ್ಡದು. ಅಲ್ಲಿ ಛೇದಕ್ಕೆ, ಅಂದರೆ ಪ್ರಕರಣಗಳನ್ನು ಭಾಗಿಸುವ ಸಂಖ್ಯೆಗೆ, ಗಣತಿಯ ತಲೆಗಳನ್ನಲ್ಲ, ನೋಂದಾಯಿತ ಹಾಸಿಗೆಗಳ ಸಂಖ್ಯೆಯನ್ನು ಇಡಬೇಕು. 1894ರಿಂದ ಲಂಡನ್‌ನಲ್ಲಿ ಆ ನೋಂದಣಿ ಕೌಂಟಿ ಕೌನ್ಸಿಲ್‌ನ ಕೈಯಲ್ಲಿತ್ತು.

ಇನ್ನೊಂದು ಎಚ್ಚರಿಕೆ: 1902ರಲ್ಲಿ ಲಂಡನ್‌ನಲ್ಲಿ ಸೀತಾಳೆ ಸಿಡುಬನ್ನೂ ತಾತ್ಕಾಲಿಕವಾಗಿ ಸೂಚನೆಯ ಪಟ್ಟಿಗೆ ಸೇರಿಸಿದರು, ದೊಡ್ಡ ಸಿಡುಬು ಅದರ ಹೆಸರಿನಲ್ಲಿ ತಪ್ಪಿಸಿಕೊಳ್ಳಬಾರದೆಂದು. ನಿಮ್ಮ ಒಟ್ಟು ಸೂಚನೆಗಳ ಗೆರೆ ಆ ವರ್ಷ ಜಿಗಿಯುವುದಕ್ಕೆ ಇದೂ ಒಂದು ಕಾರಣ.

ಹಾಲಿನಗಾಡಿ

ಹಾಲಿನ ಪ್ರಶ್ನೆ ಕೇಳಿದ್ದೀರಿ. ನನ್ನ ಮಟ್ಟಿಗೆ ಆ ಕಾಲದ ಆರೋಗ್ಯಾಧಿಕಾರಿಗಳು ಅತಿ ಚೆನ್ನಾಗಿ ಮಾಡಿದ ಕೆಲಸ ಇದೇ.

ನಮ್ಮ ಓದುಗರು ಮೊದಲು ಒಂದು ಅಭ್ಯಾಸ ಬಿಡಬೇಕು: ಹಾಲು ಎಂದರೆ ಉಕ್ಕಿಸಿದ ಹಾಲು ಎಂದು ಎಣಿಸುವುದು. ಅಲ್ಲಿ ಹಾಲು ಹಸಿಯಾಗಿಯೇ ಚಹಾಕ್ಕೆ, ಹಸಿಯಾಗಿಯೇ ಮಕ್ಕಳ ಬಟ್ಟಲಿಗೆ ಹೋಗುತ್ತಿತ್ತು. ಕಾಯಿಸಿ ಕುಡಿಯುವ ಮನೆಗಳು ಉಳಿದುಕೊಂಡವು ಎಂಬುದನ್ನೇ ತನಿಖೆಯಲ್ಲಿ ಸಾಕ್ಷಿಯಾಗಿ ಬಳಸುತ್ತಿದ್ದರು.

ಹಾಲಿನಿಂದ ಬಂದ ಸ್ಕಾರ್ಲೆಟ್ ಜ್ವರ, ಗಂಟಲಮಾರಿ ಅಥವಾ ಟೈಫಾಯಿಡ್‌ನ ಗುರುತುಗಳು ಇವು: ಪ್ರಕರಣಗಳು ಕೆಲವೇ ದಿನಗಳಲ್ಲಿ ಒಟ್ಟಿಗೆ ಸಿಡಿಯುತ್ತವೆ. ಒಂದೇ ಮನೆಯಲ್ಲಿ ಇಬ್ಬರು ಮೂವರು ಒಂದೇ ದಿನ ಮಲಗುತ್ತಾರೆ (ಒಬ್ಬರಿಂದ ಒಬ್ಬರಿಗೆ ಹಬ್ಬಿದ್ದರೆ ನಡುವೆ ಅಂತರ ಇರಬೇಕಿತ್ತು). ಹಾಲು ಹೆಚ್ಚು ಕುಡಿಯುವ ಮಕ್ಕಳು, ಹೆಂಗಸರು ಮುಂದೆ. ಬಡ ಓಣಿಗಳಿಗಿಂತ ಹಾಲು ಕೊಳ್ಳಲು ಶಕ್ತಿಯಿರುವ ಬೀದಿಗಳಲ್ಲಿ ಹೆಚ್ಚು. ನಕ್ಷೆಯ ಮೇಲೆ ಗುಡ್ಡೆಯಾಗಿ ಕಾಣದೆ ಮಾಲೆಯಾಗಿ ಕಾಣುತ್ತದೆ. ಆ ಮಾಲೆ ಹಾಲಿನವನ ಗಾಡಿಯ ದಾರಿ.

ಸಾಬೀತು ಮಾಡುವ ಕ್ರಮ. ಮೊದಲು ಹಾಲಿನವನ ಗಿರಾಕಿಗಳ ಪಟ್ಟಿ ತರಿಸಿಕೊಳ್ಳಬೇಕಿತ್ತು. ಪಟ್ಟಿ ಬಂದ ಮೇಲೆ ಲೆಕ್ಕ ಹೀಗೆ, ಊಹೆಯ ಅಂಕಿಗಳಲ್ಲಿ: ಪ್ರದೇಶದಲ್ಲಿ 5,000 ಮನೆ. ಒಬ್ಬ ಹಾಲಿನವ 400 ಮನೆಗೆ ಹಾಕುತ್ತಾನೆ. ರೋಗ ಬಂದ ಮನೆ 50, ಅದರಲ್ಲಿ 34 ಅವನ ಗಿರಾಕಿಗಳು. ಅವನ ಮನೆಗಳಲ್ಲಿ ನೂರಕ್ಕೆ 8.5, ಉಳಿದ 4,600 ಮನೆಗಳಲ್ಲಿ 16, ಅಂದರೆ ನೂರಕ್ಕೆ 0.35. ಸುಮಾರು 24 ಪಟ್ಟು. "50ರಲ್ಲಿ 34 ಅವನದೇ" ಎಂಬ ಮಾತಷ್ಟೇ ಏನನ್ನೂ ತೋರಿಸುವುದಿಲ್ಲ. ಅವನೇ ಊರಿನ ಮುಕ್ಕಾಲು ಪಾಲಿಗೆ ಹಾಲು ಹಾಕುತ್ತಿದ್ದರೆ 34 ಬರಲೇಬೇಕು.

ಉಳಿದ 16 ಮನೆಗಳನ್ನು ಬಿಟ್ಟುಬಿಡಬೇಡಿ, ನಿಜವಾದ ತನಿಖೆ ಇರುವುದು ಅಲ್ಲೇ. ಬೆಳಗಿನ ಹಾಲು ಒಬ್ಬನದು, ಸಂಜೆಯ ಹಾಲು ಇನ್ನೊಬ್ಬನದು ಇರಬಹುದು. ಹಾಲು ಕಡಿಮೆ ಬಿದ್ದ ದಿನ ಚಿಲ್ಲರೆ ಹಾಲಿನವರು ಒಬ್ಬರಿಂದೊಬ್ಬರು ಕೊಳ್ಳುತ್ತಿದ್ದರು. ಲಂಡನ್‌ಗೆ ಹಾಲು ಬರುತ್ತಿದ್ದದ್ದು ರೈಲಿನಲ್ಲಿ, 17 ಗ್ಯಾಲನ್ ಹಿಡಿಯುವ ಕೊಳಗಗಳಲ್ಲಿ; ಒಂದು ಕೊಳಗ ಎರಡು ಗಾಡಿಗೆ ಹಂಚಿಹೋಗಬಹುದು. ಅದಕ್ಕೇ ಪ್ರಶ್ನೆ "ನಿಮ್ಮ ಹಾಲಿನವ ಯಾರು?" ಎಂದಿದ್ದರೆ ಸಾಲದು. ಯಾವ ಹೊತ್ತಿನ ಹಾಲು, ಯಾವ ಫಾರ್ಮಿನದು, ಮಗು ಶಾಲೆಯ ಹತ್ತಿರ ಅಥವಾ ಪಕ್ಕದ ಮನೆಯಲ್ಲಿ ಕುಡಿಯಿತೇ, ಇಷ್ಟನ್ನೂ ಕೇಳಬೇಕು.

ದಿನಾಂಕ: ಸೂಚನೆಯ ದಿನಾಂಕ ಬಳಸಬೇಡಿ, ಕಾಯಿಲೆ ಬಿದ್ದು ಮಲಗಿದ ದಿನಾಂಕ ಬಳಸಿ. ಸ್ಕಾರ್ಲೆಟ್ ಜ್ವರಕ್ಕೆ ಹೊಂಚುಕಾಲ (ಸೋಂಕು ತಗುಲಿದಾಗಿನಿಂದ ಕಾಯಿಲೆ ಕಾಣುವವರೆಗಿನ ಅವಧಿ) ಸಾಮಾನ್ಯವಾಗಿ 1ರಿಂದ 4 ದಿನ, ಗಂಟಲಮಾರಿಗೆ 2ರಿಂದ 5, ಟೈಫಾಯಿಡ್‌ಗೆ ಹೆಚ್ಚಾಗಿ 8ರಿಂದ 14. ಟೈಫಾಯಿಡ್‌ನಲ್ಲಿ ವೈದ್ಯನಿಗೆ ಖಾತ್ರಿಯಾಗುವಷ್ಟರಲ್ಲೇ ಒಂದೆರಡು ವಾರ ಕಳೆದಿರುತ್ತದೆ. ವಿಡಾಲ್ ರಕ್ತಪರೀಕ್ಷೆ 1896ರಿಂದ ಇತ್ತು, ಆದರೆ ಅದು ಹೆಚ್ಚಾಗಿ ಎರಡನೇ ವಾರದಲ್ಲಷ್ಟೇ ಉತ್ತರ ಕೊಡುತ್ತದೆ. ಅಂದರೆ ಸೂಚನೆಯ ದಿನದಿಂದ ಸುಮಾರು ಮೂರು ನಾಲ್ಕು ವಾರ ಹಿಂದಕ್ಕೆ ಹೋಗಿ ಅವನು ಎಲ್ಲಿದ್ದ, ಏನು ತಿಂದ ಎಂದು ಕೇಳಬೇಕು.

ಛೇದಾಂಶ

ಹಾಲಿನಗಾಡಿಯವರ ಕೊನೆಯ ಮಾತಿಗೆ ಒತ್ತು ಕೊಡುತ್ತೇನೆ. ಸೆಪ್ಟೆಂಬರ್‌ನಲ್ಲಿ ಪೂರ್ವ ಲಂಡನ್‌ನ ಕುಟುಂಬಗಳು ಕೆಂಟ್‌ಗೆ ಹಾಪ್ಸ್ (ಬಿಯರ್‌ಗೆ ಹಾಕುವ ಹೂ) ಕೀಳಲು ಹೋಗುತ್ತಿದ್ದವು. ಆಗಸ್ಟ್‌ನಲ್ಲಿ ಕಡಲ ತೀರಕ್ಕೆ ಹೋದವರು ಅಲ್ಲಿ ಕಪ್ಪೆಚಿಪ್ಪು, ಸಿಂಪಿ ತಿನ್ನುತ್ತಿದ್ದರು. ಶರತ್ಕಾಲದ ಟೈಫಾಯಿಡ್ ಪ್ರಕರಣ ಬೆತ್ನಲ್ ಗ್ರೀನ್‌ನ ವಿಳಾಸದಲ್ಲಿದ್ದರೂ ಸೋಂಕು ಅಲ್ಲಿನದಾಗಿರಬೇಕಿಲ್ಲ. 1902ರ ನವೆಂಬರ್‌ನಲ್ಲಿ ವಿಂಚೆಸ್ಟರ್ ಮತ್ತು ಸೌತಾಂಪ್ಟನ್ ಮೇಯರ್‌ಗಳ ಔತಣಗಳಲ್ಲಿ ಬಡಿಸಿದ ಸಿಂಪಿಗಳು ಎರಡೂ ಕಡೆ ಎಮ್ಸ್‌ವರ್ತ್ ಎಂಬ ಕಡಲ ತೀರದ ಊರಿನಿಂದ ಬಂದವು; ತಿಂದ ಅತಿಥಿಗಳಲ್ಲಿ ಟೈಫಾಯಿಡ್ ಕಾಣಿಸಿತು, ವಿಂಚೆಸ್ಟರ್ ಕೆಥೀಡ್ರಲ್‌ನ ಡೀನ್ (ಮುಖ್ಯ ಪಾದ್ರಿ) ಕೂಡ ತೀರಿಕೊಂಡರು. ಸ್ಥಳೀಯ ಆಡಳಿತ ಮಂಡಳಿ ಎಂಬ ಕೇಂದ್ರ ಸರ್ಕಾರದ ಇಲಾಖೆಯ ಪರವಾಗಿ ಡಾ. ಬುಲ್‌ಸ್ಟ್ರೋಡ್ ತನಿಖೆ ನಡೆಸಿದರು. ಎರಡು ಊರು, ಒಂದೇ ದಿನ, ಒಂದೇ ತಿನಿಸು. ಅತಿಥಿಗಳ ಪಟ್ಟಿಯೇ ಛೇದ. ಇಷ್ಟು ಶುಚಿಯಾದ ಸಾಕ್ಷ್ಯ ಬೀದಿಯ ಲೆಕ್ಕದಲ್ಲಿ ಎಂದೂ ಸಿಗುವುದಿಲ್ಲ.

ಐಸ್‌ಕ್ರೀಂ ಮಾರುವವರನ್ನೂ ಪಟ್ಟಿಗೆ ಸೇರಿಸಿ. ಲಂಡನ್ ಕೌಂಟಿ ಕೌನ್ಸಿಲ್‌ನ 1902ರ ಕಾನೂನು ಅವರ ಮನೆಯಲ್ಲಿ ಅಂಟುರೋಗ ಬಂದರೆ ತಿಳಿಸಬೇಕು, ತಳ್ಳುಗಾಡಿಯ ಮೇಲೆ ತಯಾರಕನ ಹೆಸರು ವಿಳಾಸ ಇರಬೇಕು ಎಂದಿತು. ತಯಾರಾದದ್ದು ಒಂದು ಓಣಿಯ ಅಡುಗೆಮನೆಯಲ್ಲಿ, ಮಾರಾಟವಾದದ್ದು ಹತ್ತು ಬೀದಿಯಲ್ಲಿ. ಗಾಡಿಯ ಮೇಲಿನ ಆ ವಿಳಾಸವಿಲ್ಲದೆ ಹಿಂದಕ್ಕೆ ಹೋಗಲು ದಾರಿಯೇ ಇರಲಿಲ್ಲ.

ಉಣ್ಣೆಮೂಟೆ

ಕಸುಬಿನ ಪದರ ಎಂದಾಗ ಒಂದು ರೋಗವನ್ನು ಎಲ್ಲರೂ ಬಿಟ್ಟಿದ್ದೀರಿ: ಆಂಥ್ರಾಕ್ಸ್, ನಮ್ಮ ಕಡೆ ದನಕ್ಕೆ ಬಂದರೆ ನೆರಡಿ ಎನ್ನುವುದು. ಅದು 1889ರ ಪಟ್ಟಿಯಲ್ಲಿ ಇರಲೇ ಇಲ್ಲ. 1895ರ ಕಾರ್ಖಾನೆ ಕಾನೂನಿನ 29ನೇ ಕಲಮಿನಂತೆ ಸೀಸ, ರಂಜಕ, ಆರ್ಸೆನಿಕ್ ವಿಷಗಳ ಜೊತೆ ಆಂಥ್ರಾಕ್ಸ್ ಅನ್ನೂ ವೈದ್ಯ ನೇರವಾಗಿ ಕಾರ್ಖಾನೆಗಳ ಮುಖ್ಯ ಇನ್‌ಸ್ಪೆಕ್ಟರ್‌ಗೆ ತಿಳಿಸಬೇಕಿತ್ತು. ಆದ್ದರಿಂದ ಆರೋಗ್ಯಾಧಿಕಾರಿಯ ಕೋಷ್ಟಕದಲ್ಲಿ ಹುಡುಕಿ "ಇಲ್ಲಿ ಆಂಥ್ರಾಕ್ಸ್ ಇರಲಿಲ್ಲ" ಎಂದು ಬರೆದುಬಿಟ್ಟರೆ ತಪ್ಪು. ಮುಖ್ಯ ಇನ್‌ಸ್ಪೆಕ್ಟರ್‌ನ ವಾರ್ಷಿಕ ವರದಿ ತೆಗೆಯಬೇಕು. ಅಲ್ಲಿ ತಲೆಕೆಳಗು: ಕಸುಬು ಇರುತ್ತದೆ, ಮನೆಯ ಬೀದಿ ಇರುವುದಿಲ್ಲ.

ಇದನ್ನು ಕಸುಬಿನ ಒಳಹೊಕ್ಕು ಹಿಡಿದದ್ದು ಬ್ರಾಡ್‌ಫರ್ಡ್‌ನಲ್ಲಿ. ಉಣ್ಣೆ ವಿಂಗಡಿಸುವವರು ಎರಡು ಮೂರು ದಿನದ ಕಾಯಿಲೆಯಲ್ಲಿ ಸಾಯುತ್ತಿದ್ದರು. 1880ರ ಹೊತ್ತಿಗೆ ಡಾ. ಜಾನ್ ಹೆನ್ರಿ ಬೆಲ್ ಅದು ಆಂಥ್ರಾಕ್ಸ್ ಎಂದು ತೋರಿಸಿದರು. 1905ರಲ್ಲಿ ಅಲ್ಲಿ ಆಂಥ್ರಾಕ್ಸ್ ತನಿಖಾ ಮಂಡಳಿ ಶುರುವಾಯಿತು, ಬ್ಯಾಕ್ಟೀರಿಯಾ ತಜ್ಞ ಡಾ. ಯೂರಿಕ್. "ಉಣ್ಣೆ ಕಸುಬು ಅಪಾಯ" ಎಂದು ನಿಲ್ಲದೆ ಅವರು ಕೇಳಿದ್ದು: ಯಾವ ಉಣ್ಣೆ, ಯಾವ ಹಂತ, ಮೂಟೆಯ ಯಾವ ಭಾಗ? ಸಿಕ್ಕ ಉತ್ತರ ರಕ್ತದ ಕಲೆ ಹತ್ತಿದ ಉಣ್ಣೆ. ಸತ್ತ ಪ್ರಾಣಿಯ ರಕ್ತ ಒಣಗಿ ಕೂದಲಿಗೆ ಅಂಟಿದಲ್ಲಿ ಬೀಜಾಣುಗಳು ಕೂತಿರುತ್ತವೆ; ಆ ಗಂಟು ಒಡೆದು ಧೂಳಾದಾಗ ಉಸಿರಿಗೆ ಹೋಗುತ್ತವೆ.

1905ರ ನಿಯಮಗಳು ಈ ತರ್ಕದ ಮೇಲೆ ನಿಂತಿವೆ: ಹೆಸರಿಸಿದ ಬಗೆಯ ಮೂಟೆಗಳನ್ನು, ಅಂದರೆ ವಾನ್ ಮೊಹೇರ್ (ಒಂದು ಬಗೆಯ ಆಡಿನ ಕೂದಲು), ಪರ್ಷಿಯಾದ್ದು, ಅಲ್ಪಾಕ, ಒಂಟೆ ಕೂದಲು, ಭಾರತದಿಂದ ಹೋದ ಕಾಶ್ಮೀರಿ ಕೂದಲು ಇಂಥವನ್ನು, ಗಾಳಿಯನ್ನು ಕೆಳಕ್ಕೆ ಎಳೆಯುವ ಫ್ಯಾನ್ ಇರುವ ಜಾಲರಿಯ ಮೇಲೆ ಬಿಚ್ಚಬೇಕು; ಅತಿ ಅಪಾಯದವನ್ನು ನೀರಿನಲ್ಲಿ ನೆನೆಸಿ ಬಿಚ್ಚಬೇಕು. 1907ರಲ್ಲಿ ಚೀನಾ, ಸೈಬೀರಿಯಾ, ರಷ್ಯಾದ ಕುದುರೆ ಕೂದಲಿಗೆ, 1908ರಲ್ಲಿ ಭಾರತದ ಉಣ್ಣೆಗೆ ಪ್ರತ್ಯೇಕ ನಿಯಮಗಳು ಬಂದವು. ನೆನೆಸುವುದರಿಂದ ಧೂಳು ಅಡಗುತ್ತದೆ, ಬೀಜಾಣು ಸಾಯುವುದಿಲ್ಲ. ಇದೇ ಆ ನಿಯಮಗಳ ದೊಡ್ಡ ಕೊರತೆ. ಮೂಲದಲ್ಲೇ ಕೊಲ್ಲುವ ವ್ಯವಸ್ಥೆಗೆ 1919ರ ಕಾನೂನು ಮತ್ತು 1921ರಲ್ಲಿ ಲಿವರ್‌ಪೂಲ್‌ನಲ್ಲಿ ಶುರುವಾದ ಸೋಂಕು ನಿವಾರಣಾ ಕೇಂದ್ರದವರೆಗೆ ಕಾಯಬೇಕಾಯಿತು. ಅದರಲ್ಲಿ ಫಾರ್ಮಾಲ್ಡಿಹೈಡ್ ಬಳಸಿದರು.

ಲಂಡನ್‌ಗೆ ಇದು ಸಂಬಂಧಿಸುವುದು ಬರ್ಮಂಡ್ಸೆಯ ಚರ್ಮದ ಮಂಡಿಗಳಲ್ಲಿ. ಗುಳ್ಳೆ ಎದ್ದ ಜಾಗವೇ ಕಸುಬು ಹೇಳುತ್ತದೆ: ಒಣ ಚರ್ಮದ ಕಟ್ಟನ್ನು ಹೆಗಲ ಮೇಲೆ ಹೊರುವ ಹಮಾಲಿಗೆ ಕುತ್ತಿಗೆಯ ಮೇಲೆ, ಕೈಯಲ್ಲಿ ಮಾಲು ಆಡಿಸುವವನಿಗೆ ಮುಂಗೈ, ಮುಖ. ಆಸ್ಪತ್ರೆಯ ದಾಖಲೆಯಲ್ಲಿ "ಕೂಲಿ" ಎಂದಷ್ಟೇ ಇದ್ದು, ಗುಳ್ಳೆ ಕುತ್ತಿಗೆಯ ಮೇಲಿದ್ದರೆ, ಅವನು ಚರ್ಮದ ಹಡಗುಕಟ್ಟೆಯಲ್ಲಿ ಅಥವಾ ಗೋದಾಮಿನಲ್ಲಿ ಹೊರೆ ಹೊತ್ತವನೇ ಎಂದು ವಿಚಾರಿಸಿ.

ಓಣಿಲೆಕ್ಕ

"ಕೂಲಿ" ಎಂಬ ಪದವೇ ಪ್ರತಿ ಮೂರನೆಯ ಸಾಲಿನಲ್ಲಿ ಬರುತ್ತಿದೆ. ಅದನ್ನು ಏನು ಮಾಡುವುದು?

ಛೇದಾಂಶ

ಬೇರೆಯೇ ಗುಂಪಾಗಿ ಇಡಿ, ಬೇರೆ ಕಸುಬುಗಳಿಗೆ ಹಂಚಬೇಡಿ. ತೊಂದರೆ ಇದು: ಗಣತಿಯಲ್ಲಿ ಗಂಡ ತನ್ನನ್ನು "ಪೀಠೋಪಕರಣಕ್ಕೆ ಪಾಲಿಶ್ ಹಾಕುವವ" ಎಂದು ಬರೆಸಿರುತ್ತಾನೆ, ಅವನು ಸತ್ತಾಗ ನೋಂದಣಿಗೆ ಹೋದ ನೆರೆಯವನು "ಕೂಲಿ" ಎನ್ನುತ್ತಾನೆ. ಛೇದದಲ್ಲಿ ಪಾಲಿಶ್‌ನವ, ಅಂಶದಲ್ಲಿ ಕೂಲಿ. ಪಾಲಿಶ್ ಕಸುಬು ಇದ್ದದ್ದಕ್ಕಿಂತ ಸುರಕ್ಷಿತವಾಗಿ, ಕೂಲಿ ಇದ್ದದ್ದಕ್ಕಿಂತ ಮಾರಕವಾಗಿ ಕಾಣುತ್ತದೆ. ರಿಜಿಸ್ಟ್ರಾರ್ ಜನರಲ್ ಕಚೇರಿಯ (ಜನನ ಮರಣ ನೋಂದಣಿಯ ಕೇಂದ್ರ ಕಚೇರಿ) ಡಾ. ಟೇಥಮ್ 1900–02ರ ಕಸುಬುವಾರು ಮರಣ ಕೋಷ್ಟಕಗಳನ್ನು ಮಾಡಿದಾಗಲೂ ಈ ತೊಡಕು ಇದ್ದೇ ಇತ್ತು. ಅವರು 25ರಿಂದ 65 ವರ್ಷದ ಗಂಡಸರನ್ನು ಮಾತ್ರ ತೆಗೆದುಕೊಂಡು, ವಯಸ್ಸಿನ ಹಂಚಿಕೆ ಸಮಮಾಡಿ, ಎಲ್ಲ ಗಂಡಸರ ಒಟ್ಟನ್ನು 1,000 ಎಂದಿಟ್ಟು ಹೋಲಿಸಿದರು. ವಯಸ್ಸು ಸಮಮಾಡುವ ಕೆಲಸ ನೀವೂ ಮಾಡಲೇಬೇಕು. ತರುಣರೇ ತುಂಬಿದ ಕಸುಬು ಇಲ್ಲದಿದ್ದರೆ ಸುಮ್ಮನೆ ಆರೋಗ್ಯಕರವಾಗಿ ಕಾಣುತ್ತದೆ.

ಸಾವಿನ ಸ್ಥಳದ ಬಗ್ಗೆಯೂ ಗಮನವಿರಲಿ. ಆಸ್ಪತ್ರೆಯಲ್ಲಿ ಸತ್ತವರನ್ನು ಮನೆಯ ವಿಳಾಸಕ್ಕೆ ವರ್ಗಾಯಿಸುವ ಪದ್ಧತಿ ರಾಷ್ಟ್ರಮಟ್ಟದ ಅಂಕಿಅಂಶದಲ್ಲಿ ಬಂದದ್ದು 1911ರಿಂದ. ಅದಕ್ಕೆ ಮುಂಚೆ ಕೆಲವು ಆರೋಗ್ಯಾಧಿಕಾರಿಗಳು ತಾವೇ ಮಾಡಿಕೊಂಡರು, ಕೆಲವರು ಮಾಡಲಿಲ್ಲ. ಪ್ರತಿ ವರದಿಯ ಅಡಿಟಿಪ್ಪಣಿ ಓದಿ.

ನೆಲಗಟ್ಟು

ಕಸುಬು, ಹಾಲು ಎಲ್ಲ ಸರಿ. ಆದರೆ ಟೈಫಾಯಿಡ್‌ಗೆ ಕಕ್ಕಸೇ ಮುಖ್ಯ. ನಾಟಿಂಗ್‌ಹ್ಯಾಮ್‌ನ ಆರೋಗ್ಯಾಧಿಕಾರಿ ಬೂಬ್ಯರ್ 1896ಕ್ಕೆ ಮುಗಿದ ಹತ್ತು ವರ್ಷಕ್ಕೆ ಮನೆವಾರು ಲೆಕ್ಕ ಮಾಡಿದರು: ಗುಂಡಿ ಕಕ್ಕಸಿನ ಮನೆಗಳಲ್ಲಿ 37 ಮನೆಗೆ ಒಂದು ಪ್ರಕರಣ, ಬಕೆಟ್ ಕಕ್ಕಸಿನಲ್ಲಿ 120ಕ್ಕೆ ಒಂದು, ನೀರು ಹರಿಯುವ ಕಕ್ಕಸಿನಲ್ಲಿ 558ಕ್ಕೆ ಒಂದು. ಇದಕ್ಕಿಂತ ಸ್ಪಷ್ಟ ಬೇಕೇ?

ಛೇದಾಂಶ

ಆ ಅಂಕಿ ಬಲವಾದದ್ದೇ, ಮನೆಯನ್ನೇ ಛೇದ ಮಾಡಿದ್ದು ಅದರ ಗುಣ. ಆದರೆ ನೀರಿನ ಕಕ್ಕಸು ಇದ್ದ ಮನೆಗಳಲ್ಲಿ ಬಾಡಿಗೆ ಹೆಚ್ಚು, ಒಂದು ಕೋಣೆಗೆ ತಲೆ ಕಡಿಮೆ, ಹಾಲು ಮೀನು ಕೊಳ್ಳುವ ಅಂಗಡಿ ಬೇರೆ. 15 ಪಟ್ಟು ವ್ಯತ್ಯಾಸದಲ್ಲಿ ಎಷ್ಟು ಪಾಲು ಕಕ್ಕಸಿನದು ಎಂದು ಆ ಕೋಷ್ಟಕ ಒಂದೇ ಹೇಳಲಾರದು. ಒಂದೇ ಬಾಡಿಗೆಯ, ಒಂದೇ ಬೀದಿಯ, ಬೇರೆ ಬೇರೆ ಕಕ್ಕಸಿನ ಮನೆಗಳನ್ನು ಹೋಲಿಸಬೇಕು.

ನೆಲಗಟ್ಟು

ಒಪ್ಪಿದೆ. ಗುಂಡಿಯನ್ನು ಒಂದೇ ಬೀದಿಯಲ್ಲಿ ಅರ್ಧ ಮನೆಗಳಿಗೆ ಮುಚ್ಚಿಸಿದ ವರ್ಷಗಳು ವರದಿಗಳಲ್ಲಿ ಸಿಗುತ್ತವೆ, ಅಲ್ಲಿ ಈ ಹೋಲಿಕೆ ಸಾಧ್ಯ. ಆದರೆ ಲಂಡನ್‌ನಲ್ಲಿ ಆಗಲೇ ನೀರಿನ ಕಕ್ಕಸು ಸಾಮಾನ್ಯ, ಹಾಗಾಗಿ ಓಣಿಲೆಕ್ಕದವರಿಗೆ ಇದು ಅಷ್ಟು ಉಪಯೋಗಕ್ಕೆ ಬರಲಿಕ್ಕಿಲ್ಲ.

ವರ್ತುಲ

ದೂರದ ಲೆಕ್ಕಕ್ಕೆ ಇನ್ನೊಂದು ಹಳೆಯ ಉಪಕರಣವಿದೆ. 1880ರ ದಶಕದಲ್ಲಿ ಸರ್ಕಾರಿ ವೈದ್ಯಕೀಯ ತನಿಖಾಧಿಕಾರಿ ಡಬ್ಲ್ಯೂ. ಎಚ್. ಪವರ್ ಫುಲ್ಹ್ಯಾಮ್ ಸಿಡುಬಿನ ಆಸ್ಪತ್ರೆಯ ಸುತ್ತ ಕಾಲು ಮೈಲಿಗೊಂದರಂತೆ ಒಂದು ಮೈಲಿವರೆಗೆ ವರ್ತುಲ ಎಳೆದು, ಪ್ರತಿ ವರ್ತುಲದಲ್ಲಿ ನೂರು ಮನೆಗೆ ಎಷ್ಟು ಮನೆ ತಗುಲಿತು ಎಂದು ಎಣಿಸಿದರು. ಒಳಗಿನ ವರ್ತುಲದಲ್ಲಿ ಹೆಚ್ಚು, ಹೊರಕ್ಕೆ ಹೋದಂತೆ ಇಳಿಕೆ. ಅವರು ಗಾಳಿಯಲ್ಲಿ ಹರಡಿತು ಎಂದರು. ಆಮೇಲೆ ಲಂಡನ್ ತನ್ನ ಸಿಡುಬಿನ ರೋಗಿಗಳನ್ನು ಥೇಮ್ಸ್ ನದಿಯ ಲಾಂಗ್ ರೀಚ್‌ನಲ್ಲಿ ನಿಂತ ಅಟ್ಲಾಸ್, ಎಂಡಿಮಿಯನ್, ಕ್ಯಾಸ್ಟಾಲಿಯ ಎಂಬ ಹಡಗುಗಳಿಗೆ ಸಾಗಿಸಿತು. 1901–02ರಲ್ಲಿ ಎದುರು ದಂಡೆಯ ಪರ್‌ಫ್ಲೀಟ್ ಸುತ್ತ ಸಿಡುಬು ಹೆಚ್ಚಾದಾಗ ಎಸೆಕ್ಸ್‌ನ ಆರೋಗ್ಯಾಧಿಕಾರಿ ಡಾ. ಥ್ರೆಶ್ ಅದೇ ಗಾಳಿಯ ವಾದ ಮುಂದಿಟ್ಟರು.

ವರ್ತುಲದ ಲೆಕ್ಕ ಸರಿಯಿದ್ದೂ ಕಾರಣ ತಪ್ಪಿರಬಹುದು. ಆಸ್ಪತ್ರೆಯ ಸಿಬ್ಬಂದಿ, ಕಟ್ಟಡ ಕೆಲಸಗಾರರು, ಸರಕು ತರುವವರು, ಭೇಟಿಗೆ ಬಂದವರು, ದೋಣಿಯವರು, ಇವರೆಲ್ಲರ ಮನೆಗಳೂ ಆಸ್ಪತ್ರೆಯ ಹತ್ತಿರವೇ ಇರುತ್ತವೆ. ಇಲ್ಲಿ ಕಸುಬಿನ ಪದರ ಹಾಕಿದರೆ ಪ್ರಶ್ನೆ ಪರೀಕ್ಷೆಗೆ ಒಳಪಡುತ್ತದೆ: ಆಸ್ಪತ್ರೆಯ ಜೊತೆ ಯಾವ ವ್ಯವಹಾರವೂ ಇಲ್ಲದ ಮನೆಗಳನ್ನಷ್ಟೇ ತೆಗೆದು ವರ್ತುಲ ಎಣಿಸಿ. ಇಳಿಜಾರು ಉಳಿದರೆ ಗಾಳಿಯ ಮಾತಾಡಬಹುದು.

ಉಣ್ಣೆಮೂಟೆ

ಇದರ ಜೊತೆಗೆ ಗ್ಲಾಸ್ಗೋ ಪ್ಲೇಗನ್ನೂ ಓದಿ. 1900ರ ಆಗಸ್ಟ್, ಗಾರ್ಬಲ್ಸ್ ಪ್ರದೇಶ, 36 ಪ್ರಕರಣ, 16 ಸಾವು. ಆರೋಗ್ಯಾಧಿಕಾರಿ ಚಾಮರ್ಸ್ ಬೀದಿಯ ನಕ್ಷೆಗೆ ನಿಲ್ಲದೆ ಯಾರು ಯಾರ ಮನೆಗೆ ಹೋದರು ಎಂದು ಕೊಂಡಿ ಬಿಡಿಸಿದರು. ಶವವನ್ನು ಮನೆಯಲ್ಲಿಟ್ಟು ಬಂಧುಗಳು ಜಾಗರಣೆ ಕೂರುವ ಪದ್ಧತಿಯಲ್ಲಿ ಬೇರೆ ಬೀದಿಯವರು ಸೇರಿದ್ದರು, ಅದನ್ನು ನಿಲ್ಲಿಸಲಾಯಿತು. ಇಲಿಗಳನ್ನು ಹಿಡಿದು ಪರೀಕ್ಷಿಸಿದರೂ ಪ್ಲೇಗು ಸಿಗಲಿಲ್ಲ. ಬೀದಿಗಿಂತ ಬಂಧುತ್ವ ಮುಖ್ಯವಾದ ಪ್ರಸಂಗ ಇದು, ಬರೀ ಚುಕ್ಕೆ ಇಟ್ಟ ನಕ್ಷೆಯಲ್ಲಿ ಇದು ಕಾಣುವುದೇ ಇಲ್ಲ.

ಪೇಟೆದಂಡು

ಇದೇ ಕ್ರಮವನ್ನು 1898ರ ಬೆಂಗಳೂರು ಪ್ಲೇಗಿಗೆ ಬಳಸಬಹುದೇ?

ಹಳೇದಫ್ತರ

ಅರ್ಧ ಮಾತ್ರ. ಲಂಡನ್ ಲೆಕ್ಕದ ಬೆನ್ನೆಲುಬು ಶುಲ್ಕ ಪಡೆದು ಪತ್ರ ಬರೆಯುವ ವೈದ್ಯ. ಪೇಟೆಯ ಹೆಚ್ಚಿನ ಮನೆಗಳಿಗೆ ಅಂಥ ವೈದ್ಯ ಕಾಲಿಟ್ಟವನೇ ಅಲ್ಲ. ಅಲ್ಲದೆ ರೋಗ ತಿಳಿಸಿದರೆ ಮನೆ ಖಾಲಿ ಮಾಡಿಸಿ ಶಿಬಿರಕ್ಕೆ ಕಳಿಸುತ್ತಾರೆ ಎಂಬ ಭಯದಿಂದ ಜನ ಮುಚ್ಚಿಟ್ಟರು. ಹಾಗಾಗಿ ಪ್ರಕರಣ ಬಿಟ್ಟು ಸಾವನ್ನು ಎಣಿಸಬೇಕು. ಛೇದದಲ್ಲಿ ಎಚ್ಚರ: ಪೇಟೆ ಮೈಸೂರು ಸರ್ಕಾರದ್ದು, ದಂಡು ಬ್ರಿಟಿಷರದ್ದು, ಎರಡೂ ಬೇರೆ ಬೇರೆ ಪುರಸಭೆ, ಬೇರೆ ಬೇರೆ ಕಡತ. ಊರು ಬಿಟ್ಟು ಓಡಿದವರ ಸಂಖ್ಯೆ ದೊಡ್ಡದಾದ್ದರಿಂದ ಗಣತಿಯ ತಲೆಯೂ ಆ ತಿಂಗಳುಗಳಿಗೆ ಹೊಂದುವುದಿಲ್ಲ. ಇದಕ್ಕೆ ಬೇರೆ ಚರ್ಚೆಯನ್ನೇ ತೆರೆಯುವುದು ಒಳ್ಳೆಯದು.

ಓಣಿಲೆಕ್ಕ

ಎಲ್ಲರ ಮಾತು ಸೇರಿಸಿ ಪ್ರಕರಣದ ಕೋಷ್ಟಕದ ಅಂಕಣಗಳನ್ನು ಹೀಗೆ ಇಡುತ್ತಿದ್ದೇನೆ: ಮನೆಯ ಗುರುತು, ಆ ದಿನದ ವಿಳಾಸ, ಮಲಗಿದ ದಿನ, ಸೂಚನೆಯ ದಿನ, ವಯಸ್ಸು, ಲಿಂಗ, ಸ್ವಂತ ಕಸುಬು, ಮನೆಯ ಯಜಮಾನನ ಕಸುಬು, ದುಡಿಯುವ ಜಾಗ, ಶಾಲೆ, ಬೆಳಗಿನ ಹಾಲು, ಸಂಜೆಯ ಹಾಲು, ಮನೆಗೆಲಸದವರ ಪಟ್ಟಿಯಲ್ಲಿ ಇದೆಯೇ, ಆಸ್ಪತ್ರೆಗೆ ಒಯ್ದ ದಿನ, ಫಲ.

ಹಳೇದಫ್ತರ

ಎರಡು ಸೇರಿಸಿ. "ಆಸ್ಪತ್ರೆಯಲ್ಲಿ ರೋಗ ಬೇರೆ ಎಂದು ತೀರ್ಮಾನವಾಯಿತೇ", ಏಕೆಂದರೆ ಟೈಫಾಯಿಡ್ ಎಂದು ಕಳಿಸಿದವರಲ್ಲಿ ಕೆಲವರು ನ್ಯುಮೋನಿಯವೋ ಕ್ಷಯವೋ ಆಗಿ ಹೊರಬಿದ್ದರು, ಆದರೆ ಸೂಚನೆಗಳ ಒಟ್ಟಿನಿಂದ ಅವರನ್ನು ಕಳೆಯುವ ರೂಢಿ ಎಲ್ಲ ಬರೋಗಳಲ್ಲಿ ಒಂದೇ ಇರಲಿಲ್ಲ. ಮತ್ತು "ಮನೆಗೆ ಸೋಂಕು ನಿವಾರಣೆ ಮಾಡಿದ ದಿನ". ಕೋಣೆಯ ಬಿರುಕುಗಳಿಗೆ ಕಾಗದ ಅಂಟಿಸಿ ಗಂಧಕ ಉರಿಸಿದ್ದರಿಂದ ರೋಗಾಣು ಎಷ್ಟು ಸತ್ತಿತೋ ಬೇರೆ ಮಾತು, ಆದರೆ ಆ ಕೆಲಸದ ದಿನಚರಿ ಪುಸ್ತಕ ಸೂಚನಾ ಪುಸ್ತಕಕ್ಕಿಂತ ಬೇರೆ ಕೈಯಲ್ಲಿ ಬರೆದದ್ದು. ಸೂಚನಾ ಪುಸ್ತಕ ಕಳೆದುಹೋದ ಬರೋಗಳಲ್ಲಿ ಕೆಲವೊಮ್ಮೆ ಬೀದಿ ಮತ್ತು ಮನೆ ಸಂಖ್ಯೆ ಉಳಿದಿರುವುದು ಅದರಲ್ಲಿ ಮಾತ್ರ.

ಹಾಲಿನಗಾಡಿ

ಮಲಗಿದ ದಿನ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ. ಸೂಚನೆಯ ದಿನದಿಂದ ಹತ್ತು ಕಳೆದು ತುಂಬಿದರೆ ಹಾಲಿನ ಸಿಡಿತವೂ ನಿಧಾನ ಹರಡುವಿಕೆಯೂ ಒಂದೇ ಆಕಾರಕ್ಕೆ ಬಂದುಬಿಡುತ್ತವೆ.